ಕಾವ್ಯದ ಸೆಳೆತದಿಂದ ಲ್ಯಾಟಿನ್, ಗ್ರೀಕ್ ಕಲಿಯಲು ಹೊರಟ ಕಾರ್ಮಿಕರು ನಿಜವಾಗಿಯೂ ಇದ್ದರೇ?

ಇದ್ದರು. ನನಗೆ ಮೊದಲು ನೆನಪಾಗುವವರು ಥಾಮಸ್ ಕೂಪರ್. 1805ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಹುಟ್ಟಿ, ಗೇನ್ಸ್‌ಬರೋ ಊರಲ್ಲಿ ಬೂಟು ಹೊಲಿದು ಬದುಕಿದವರು. ಹುಡುಗನಾಗಿದ್ದಾಗಲೇ ಬೈರನ್‌ನ ಕವಿತೆ ಕೈಗೆ ಸಿಕ್ಕಿತು, ಹುಚ್ಚು ಹಿಡಿಯಿತು. ಮುಂದೆ ಬೆಳಗಿನ ಜಾವವೇ ಎದ್ದು ಓದು. ಆಮೇಲೆ ಹೊಲಿಗೆಗೆ ಕೂತರೂ ಕೈಯಲ್ಲಿ ದಬ್ಬಳ, ಬಾಯಲ್ಲಿ ಲ್ಯಾಟಿನ್ ವಿಭಕ್ತಿ ರೂಪಗಳು, ಇಲ್ಲವೇ ಮಿಲ್ಟನ್‌ನ ಸಾಲುಗಳು. ಗ್ರೀಕ್, ಹೀಬ್ರೂಗಳಿಗೂ ಕೈಹಾಕಿದರು.

ಕಾವ್ಯವೊಂದೇ ಕಾರಣ ಅನ್ನಲಾರೆ. ಬಡಗಿಯಾಗಿದ್ದು ಕೇಂಬ್ರಿಜ್‌ನಲ್ಲಿ ಅರೇಬಿಕ್ ಪ್ರಾಧ್ಯಾಪಕರಾದ ಸ್ಯಾಮ್ಯುಯೆಲ್ ಲೀ ಅವರ ಬದುಕೂ ಕೂಪರ್‌ಗೆ ಧೈರ್ಯ ಕೊಟ್ಟಿತ್ತು. ಆದರೆ ಅಷ್ಟು ದುಡಿತ, ಅಷ್ಟು ಓದು ಎರಡನ್ನೂ ದೇಹ ತಡೆಯಲಿಲ್ಲ. 1827ರಲ್ಲಿ ಹಾಸಿಗೆ ಹಿಡಿದರು. ಚೇತರಿಸಿಕೊಂಡ ಮೇಲೆ ಅದೇ ಊರಲ್ಲಿ ಶಾಲೆ ತೆರೆದು ಮಕ್ಕಳಿಗೆ ಲ್ಯಾಟಿನ್ ಕಲಿಸಿದರು.