ಯುದ್ಧಕಾಲದ ಪೈಲಟ್‌ಗಳ ಸಹಿ ಸಂಗ್ರಹ: ಮೇಷ್ಟ್ರ ಪ್ರಶ್ನೆಗೆ ಉತ್ತರ

ಮೇಷ್ಟ್ರೇ, ನಮಸ್ಕಾರ. ನೀವು ಹಾಕಿದ ಮೂರೂ ಫೋಟೊ ದೊಡ್ಡದು ಮಾಡಿ ನೋಡಿದೆ. ಒಂದು, ಸೆಖೋನ್ ಅವರ ಅಂಚೆಚೀಟಿ ಇರುವ ಕವರು. ಅದರ ಮೇಲೆ ಅವರದೇ ಸಹಿ ಇದೆಯಂತೆ, ಎಂಟು ಸಾವಿರ ಕೇಳುತ್ತಿದ್ದಾರೆ. ಎರಡನೆಯದು ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಚಿತ್ರ, ಕೆಳಗೆ ಒಬ್ಬ ಬ್ರಿಟಿಷ್ ಪೈಲಟ್ ಸಹಿ. ಮೂರನೆಯದು ನಿಮ್ಮ ಬೀದಿಯ ಹಿರಿಯರು ವಾಯುಪಡೆಯಲ್ಲಿದ್ದಾಗ ದಾವಣಗೆರೆಯ ಮನೆಗೆ ಬರೆದ ಹಳೇ ಲಕೋಟೆ. ಯಾವುದು ತಗೊಳ್ಳಲಿ, ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಲೇ ಇಬ್ಬರು ‘ಸೂಪರ್ ಸರ್, ಬಿಡಬೇಡಿ’ ಅಂದಿದ್ದಾರೆ. ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲನೆಯದನ್ನು ಮುಟ್ಟಲೇಬೇಡಿ. ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಶ್ರೀನಗರದಲ್ಲಿ ನ್ಯಾಟ್ ವಿಮಾನ ಹಾರಿಸುತ್ತಾ ಹುತಾತ್ಮರಾದದ್ದು 1971ರ ಡಿಸೆಂಬರ್ 14ರಂದು. ಅವರ ಅಂಚೆಚೀಟಿ ಬಂದದ್ದು 2000ದಲ್ಲಿ. ಹಾಗಾದರೆ ಆ ಕವರಿಗೆ ಸಹಿ ಹಾಕಿದವರು ಯಾರು? ಮಾರುವವನನ್ನೇ ಕೇಳಿ ನೋಡಿ, ತಮಾಷೆಯಾಗಿರುತ್ತದೆ.

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಲ್ಲೂ ಇಂಥದ್ದು ಬರಬಹುದು, ಎಚ್ಚರ ಇರಲಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಯಲ್ಲಿ ಹಳೇ ಮಿಸ್ಟೇರ್ ವಿಮಾನದಲ್ಲೇ ಅವರ ಸ್ಟಾರ್‌ಫೈಟರ್ ಜೆಟ್ ಅನ್ನು ಹೊಡೆದುರುಳಿಸಿ ಅಲ್ಲೇ ತೀರಿಕೊಂಡವರು ಅವರು. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ. ಸಹಿಯ ಮುಂದೆ ‘ಎಂವಿಸಿ’ (ಮಹಾವೀರ ಚಕ್ರ) ಅಂತ ಇದ್ದರೆ ಮುಂದೆ ನೋಡುವುದೇ ಬೇಡ. ಸಹಿಯ ಚೆಂದ ಆಮೇಲೆ ನೋಡೋಣ. ಮೊದಲು ಆ ವಸ್ತು ಯಾವಾಗ ತಯಾರಾಯಿತು, ಆ ಮನುಷ್ಯ ಯಾವಾಗ ತೀರಿಕೊಂಡರು, ಈ ಎರಡು ಇಸವಿ ಕಾಗದದ ಮೇಲೆ ಬರೆದುಕೊಳ್ಳಿ. ಅರ್ಧಕ್ಕರ್ಧ ನಕಲಿ ಅಲ್ಲೇ ಉದುರಿಹೋಗುತ್ತದೆ.

ಲ್ಯಾಂಕಾಸ್ಟರ್ ಚಿತ್ರಕ್ಕೂ ಇದೇ ಲೆಕ್ಕ. 1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳ ಮೇಲೆ ದಾಳಿಗೆ ಹೋದ ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ (ತುಕಡಿ)ನವರ ಸಹಿಗೆ ಬೇಡಿಕೆ ಜಾಸ್ತಿ. 19 ವಿಮಾನ, 133 ಜನ. ಅವರಲ್ಲಿ 53 ಜನ ಆ ರಾತ್ರಿಯೇ ಸತ್ತರು. ನಾಯಕ ಗೈ ಗಿಬ್ಸನ್ 1944ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಹಾಗಾಗಿ ಅವನ ಅಸಲಿ ಸಹಿ ಬಲು ಅಪರೂಪ, ಬೆಲೆ ನಮ್ಮ ಕೈಗೆಟುಕುವುದಲ್ಲ. ಅದೇ ಸ್ಕ್ವಾಡ್ರನ್‌ನಲ್ಲಿ ಬಾಂಬಿಗೆ ಗುರಿ ಹಿಡಿಯುವ ಬಾಂಬ್ ಏಮರ್ ಆಗಿದ್ದ ಜಾನಿ ಜಾನ್ಸನ್ ಬದುಕಿದ್ದದ್ದು 2022ರವರೆಗೆ. ಕೊನೆಯ ವರ್ಷಗಳಲ್ಲಿ ಎಷ್ಟೋ ಚಿತ್ರಗಳಿಗೆ, ಕವರುಗಳಿಗೆ ಸಹಿ ಹಾಕಿಕೊಟ್ಟರು. ವಿದೇಶದ್ದೇ ಬೇಕು ಅಂತಿದ್ದರೆ ಇಂಥವರ ಸಹಿಯಿಂದ ಶುರು ಮಾಡಿ. ನ್ಯಾವಿಗೇಟರ್, ಗನ್ನರ್, ಫ್ಲೈಟ್ ಇಂಜಿನಿಯರ್‌ಗಳ ಸಹಿಗೆ ಪೈಲಟ್ ಸಹಿಯಷ್ಟು ದುಡ್ಡು ಯಾರೂ ಕೇಳುವುದಿಲ್ಲ. ನಕಲು ಮಾಡುವವನಿಗೂ ಅದರಲ್ಲಿ ಲಾಭ ಕಡಿಮೆ.

ನಿಮ್ಮ ಚಿತ್ರದ ಸಹಿ ಪೆನ್ನಿನದೋ ಅಚ್ಚಿನದೋ ಅಂತ ಫೋಟೊದಲ್ಲಿ ಗೊತ್ತಾಗುವುದಿಲ್ಲ. ಎಷ್ಟೋ ಚಿತ್ರಗಳಲ್ಲಿ ಚಿತ್ರದ ಜೊತೆಗೇ ಸಹಿಯೂ ಮುದ್ರಣ ಆಗಿರುತ್ತದೆ. ಅಕ್ಕಸಾಲಿಗರ ಹತ್ತಿರ ಇರುತ್ತದಲ್ಲ, ಕಣ್ಣಿಗೆ ಹಿಡಿದು ನೋಡುವ ಚಿಕ್ಕ ಭೂತಗನ್ನಡಿ, ಅದರಲ್ಲಿ ನೋಡಿ. ಅಚ್ಚಾಗಿದ್ದರೆ ಗೆರೆ ಒಡೆದು ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಬಾಲ್ ಪೆನ್ ಆದರೆ ಕಾಗದ ಒತ್ತಿ ಸಣ್ಣ ಕಾಲುವೆ ಬಿದ್ದಿರುತ್ತದೆ. ಬೆಳಕನ್ನು ಪಕ್ಕದಿಂದ ಹಾಯಿಸಿದರೆ ಅದರ ನೆರಳು ಕಾಣುತ್ತದೆ. ಮಸಿ ಪೆನ್ ಆದರೆ ಗೆರೆ ಗೆರೆಯನ್ನು ದಾಟುವ ಕಡೆ ಬಣ್ಣ ಗಾಢವಾಗಿರುತ್ತದೆ. ನೋಡಿ ನೋಡಿ ನಕಲು ಮಾಡಿದವನ ಗೆರೆ ನಡುಗುತ್ತದೆ, ಮಧ್ಯೆ ಪೆನ್ ಎತ್ತಿ ಇಟ್ಟ ಗುರುತು ಉಳಿಯುತ್ತದೆ. ವಯಸ್ಸಾದವರ ಕೈಯೂ ನಡುಗುತ್ತದೆ ನಿಜ, ಆದರೆ ಅವರು ತಮ್ಮ ಸಹಿಯನ್ನು ನಿಲ್ಲಿಸದೆ ಒಂದೇ ಓಟದಲ್ಲಿ ಮುಗಿಸುತ್ತಾರೆ.

ಪೆನ್ನಿಗೂ ಒಂದು ವಯಸ್ಸಿದೆ. ಸ್ಕೆಚ್ ಪೆನ್, ಮಾರ್ಕರ್ ಪೆನ್ ಎಲ್ಲರ ಕೈಗೆ ಬಂದದ್ದು 1960ರ ದಶಕದಲ್ಲಿ. ಮಾರ್ಕರ್‌ನಲ್ಲಿ ಹಾಕಿದ ಸಹಿಯನ್ನು ‘ಎರಡನೇ ಮಹಾಯುದ್ಧದ ಸಮಯದಲ್ಲೇ ಹಾಕಿದ್ದು’ ಅಂತ ಮಾರಿದರೆ ನಕ್ಕು ಎದ್ದು ಬನ್ನಿ. ಕಾಗದಕ್ಕೆ ಇನ್ನೊಂದು ಪರೀಕ್ಷೆ, ನೋಟು ನೋಡುವ ನೇರಳೆ ಲೈಟು. ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆಸುವುದು ಶುರುವಾದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1943ರದ್ದು ಅನ್ನುವ ಕಾಗದ ಆ ಲೈಟಿನಲ್ಲಿ ನೀಲಿಯಾಗಿ ಫಳಫಳ ಹೊಳೆದರೆ ಮುಗೀತು. ಹೊಳೆಯದಿದ್ದರೆ ಅಸಲಿ ಅಂತಲೂ ಅಲ್ಲ, ಹಳೇ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಸಹಿ ಗೀಚುವ ಚಾಲಾಕಿಗಳಿದ್ದಾರೆ. ಜೊತೆಗೆ ಕೊಡುವ ಸರ್ಟಿಫಿಕೇಟ್ ನಂಬಿ ದುಡ್ಡು ಕೊಡಬೇಡಿ. ಹೊಲೊಗ್ರಾಮ್ ಅಂಟಿಸಿದ ಕಾಗದ ಯಾರು ಬೇಕಾದರೂ ಪ್ರಿಂಟ್ ಹಾಕಿಸಬಹುದು. ಯಾರು, ಎಲ್ಲಿ, ಯಾವ ಸಮಾರಂಭದಲ್ಲಿ ಸಹಿ ಹಾಕಿಸಿಕೊಂಡರು ಅನ್ನುವ ಜಾಡು ಬೇಕು.

ಆ ಜಾಡು ನಿಮ್ಮ ಮೂರನೇ ವಸ್ತುವಿಗೆ ಪೂರ್ತಿ ಇದೆ ಮೇಷ್ಟ್ರೇ. ಅದನ್ನು ನೀವು ‘ಸಹಿ ಇಲ್ಲ, ಬರೀ ಲಕೋಟೆ’ ಅಂತ ಕೊನೆಗೆ ಹಾಕಿದ್ದೀರಿ! ಆ ಹಿರಿಯರು ಪ್ಯಾಕೆಟ್ ವಿಮಾನದಲ್ಲಿ ಫ್ಲೈಟ್ ಇಂಜಿನಿಯರ್ ಆಗಿದ್ದರು ಅಂತ ನೀವೇ ಬರೆದಿದ್ದೀರಿ. ಹೊಟ್ಟೆಯಲ್ಲಿ ಜನ, ಸಾಮಾನು ತುಂಬಿಕೊಂಡು ಎರಡು ಬಾಲಗಂಬದಲ್ಲಿ ಹಾರುತ್ತಿದ್ದ ವಿಮಾನ ಅದು. ಲಡಾಖಿನ ಎತ್ತರಕ್ಕೆ ಉಸಿರು ಸಾಲದೆ ನಮ್ಮವರು ಅದರ ಬೆನ್ನ ಮೇಲೆ ಒಂದು ಜೆಟ್ ಇಂಜಿನ್ ಕೂರಿಸಿದ್ದರು. 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ತಂಗೈಲ್‌ನಲ್ಲಿ ಪ್ಯಾರಾಚೂಟ್ ಸೈನಿಕರನ್ನು ಇಳಿಸಿದ ವಿಮಾನಗಳಲ್ಲಿ ಪ್ಯಾಕೆಟ್‌ಗಳೂ ಇದ್ದವು. ಆ ಯುದ್ಧಕ್ಕೆ ಹೋಗಿಬಂದವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಇಂಗ್ಲೆಂಡಿನ ಚಿತ್ರ ಮುಂದಿನ ವರ್ಷವೂ ಸಿಗುತ್ತದೆ.

ಮೊದಲು ಆ ಹಿರಿಯರ ಹತ್ತಿರವೇ ಹೋಗಿ ಸಹಿ ಕೇಳಿ. ಹೋಗುವಾಗ ಕಟ್ಟುಗಟ್ಟಲೆ ಫೋಟೊ ಒಯ್ಯಬೇಡಿ. ಒಂದೇ ವಸ್ತು ಸಾಕು. ಸ್ಕ್ವಾಡ್ರನ್‌ಗಳ ಸುವರ್ಣ ಮಹೋತ್ಸವಕ್ಕೆಲ್ಲ ಸೇನಾ ಅಂಚೆ ಸೇವೆಯವರು ವಿಶೇಷ ಕವರು ತರುತ್ತಾರೆ. ಅಂಚೆಚೀಟಿ ವ್ಯಾಪಾರಿಗಳ ಹತ್ತಿರ, ಕರ್ನಾಪೆಕ್ಸ್‌ನಂಥ ಪ್ರದರ್ಶನಗಳಲ್ಲಿ ಹುಡುಕಿ. ಅವರದೇ ಸ್ಕ್ವಾಡ್ರನ್‌ನ ಕವರು ಸಿಕ್ಕರೆ ಒಯ್ಯಿರಿ, ಅವರ ಮುಖ ನೋಡಿ ಆಗ. ಜೆಲ್ ಪೆನ್ ಬೇಡ, ಬೆವರು ತಾಗಿದರೂ ಹರಡಬಹುದು. ಕವರಿಗೆ ಒಳ್ಳೇ ಬಾಲ್ ಪೆನ್, ಹೊಳೆಯುವ ಫೋಟೊಗೆ ಪರ್ಮನೆಂಟ್ ಮಾರ್ಕರ್. ಬರೀ ಸಹಿ ಬೇಡ, ಹುದ್ದೆ, ಸ್ಕ್ವಾಡ್ರನ್ ನಂಬರ್, ವಿಮಾನ, ಇಸವಿ ಬರೆದುಕೊಡಿ ಅನ್ನಿ. ನಿಮ್ಮ ಹೆಸರನ್ನೂ ಬರೆಸಿಕೊಳ್ಳಿ. ಮಾರುವಾಗ ಬೆಲೆ ಕಡಿಮೆ ಆಗುತ್ತದೆ ಅನ್ನುತ್ತಾರೆ, ಆಗಲಿ ಬಿಡಿ. ಸಹಿ ಹಾಕುವಾಗಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಹಾರಾಟದ ಲೆಕ್ಕ ಬರೆದಿಡುವ ಲಾಗ್ ಪುಸ್ತಕ, ಪದಕ ಕೇಳಬೇಡಿ, ಅವು ಮನೆಯವರದು. ಅವರೇ ತೋರಿಸಿದರೆ ಪುಟದ ಫೋಟೊ ತೆಗೆಯಲು ಅನುಮತಿ ಕೇಳಿ. ಇನ್ನೊಂದು, ನಮ್ಮ ದುರ್ಗದ ಹುಡುಗರಿಗೂ ಸೇರಿಸಿ ಹೇಳುತ್ತಿದ್ದೇನೆ, ಚಳ್ಳಕೆರೆ ಕಡೆ ಡಿಆರ್‌ಡಿಒ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುವವರನ್ನು ಹಿಡಿದು ‘ಏನಾದ್ರೂ ನೆನಪಿಗೆ ಕೊಡಿ’ ಅಂತ ಪೀಡಿಸಬೇಡಿ. ಅವರ ಕೆಲಸಕ್ಕೇ ಸಂಚಕಾರ.

ಇಡುವ ವಿಷಯ ಬೇಗ ಹೇಳಿಬಿಡುತ್ತೇನೆ. ಲ್ಯಾಮಿನೇಷನ್ ಬೇಡವೇ ಬೇಡ. ಸೆಲ್ಲೊಟೇಪ್, ಫೆವಿಕಾಲ್ ಕೂಡ ಬೇಡ. ವಾಸನೆ ಬರುವ ಪಿವಿಸಿ ಹಾಳೆ ಮಸಿಯನ್ನು ಎಳೆದುಕೊಳ್ಳುತ್ತದೆ, ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರು ಕೇಳಿ. ನಮ್ಮ ಕಡೆ ಬಿಸಿಲಿಗೆ ಎದುರಾಗಿ ಗೋಡೆಗೆ ಫ್ರೇಮ್ ಹಾಕಿದರೆ ಸಹಿ ಮಾಸಿಹೋಗುತ್ತದೆ. ನೇತುಹಾಕಲೇಬೇಕಿದ್ದರೆ ಕಲರ್ ಜೆರಾಕ್ಸ್ ಹಾಕಿ. ಮಳೆಗಾಲದಲ್ಲಿ ಬೀರುವಿನ ಕೆಳಗಿನ ಅರೆಯಲ್ಲಿ ಇಡಬೇಡಿ, ಗೆದ್ದಲಿಗೆ ಹಬ್ಬ. ವಿದೇಶಕ್ಕೆ ಮಾರುವ ಯೋಚನೆ ಬಂದರೆ ತಡೆಯಿರಿ, 75 ವರ್ಷ ದಾಟಿದ ಐತಿಹಾಸಿಕ ಕಾಗದಪತ್ರಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ.

ಈಗ ಒಂದು ಕೆಲಸ ಮಾಡಿ. ಆ ಲಕೋಟೆಯ ಎರಡೂ ಬದಿ ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ, ವಿಳಾಸ ಮುಚ್ಚಿ. ‘56 ಎಪಿಒ’ ಅಂತ ಸೇನಾ ಅಂಚೆ ಕಚೇರಿಯ ವಿಳಾಸ ಬರೆದಿರುವುದು ಕಾಣುತ್ತಿದೆ, ಮುದ್ರೆ ಮಾತ್ರ ಮಸುಕು. ಸೇನಾ ಅಂಚೆಯ ಮುದ್ರೆಯಲ್ಲಿ ಊರ ಹೆಸರು ಇರುವುದಿಲ್ಲ, ಎಫ್‌ಪಿಒ, ಅಂದರೆ ಫೀಲ್ಡ್ ಪೋಸ್ಟ್ ಆಫೀಸ್ ನಂಬರ್ ಇರುತ್ತದೆ. ಆ ನಂಬರ್, ತಾರೀಖು ಎರಡೂ ಸಿಕ್ಕರೆ ಯಾವ ಜಾಗದಿಂದ ಬರೆದದ್ದು ಅಂತ ಹುಡುಕಲು ನಮ್ಮ ಗುಂಪಿನಲ್ಲೇ ಬಲ್ಲವರಿದ್ದಾರೆ. ಸ್ಕ್ಯಾನ್ 600 ಡಿಪಿಐ ಇರಲಿ, ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಮತ್ತೆ ಮಸುಕಾಗುತ್ತದೆ.