ಗಾಲ್ಫ್‌ನಲ್ಲಿ ಒಂದು ಹೋಲ್ ಪೂರ್ತಿ ಕೆಟ್ಟೋದ್ರೆ ಕಾರ್ಡಲ್ಲಿ ಎಷ್ಟು ಅಂತ ಬರೀಬೇಕು?

ನೀವು ಕೇಳಿರೋದು ಇಷ್ಟು: ಗಾಲ್ಫ್ ಶುರು ಮಾಡಿ ಮೂರು ತಿಂಗಳಾಗಿದೆ, ಕೆಲವು ಹೋಲ್‌ಗಳಲ್ಲಿ 11, 13 ಹೊಡೆತ ಆಗ್ಬಿಡುತ್ತೆ, ಜೊತೆಗೆ ಆಡೋರು "ಡಬಲ್ ಪಾರ್ ಬರ್ಕೊಂಡು ಮುಂದೆ ನಡಿ" ಅಂತಾರೆ, ಹಾಗೆ ಬರೆದ್ರೆ ಮೋಸ ಆಗುತ್ತಾ ಅಂತ. (ಪಾರ್ ಅಂದ್ರೆ ಚೆನ್ನಾಗಿ ಆಡೋರು ಆ ಹೋಲನ್ನ ಎಷ್ಟು ಹೊಡೆತದಲ್ಲಿ ಮುಗಿಸ್ಬೇಕು ಅನ್ನೋ ನಂಬರ್, ಡಬಲ್ ಪಾರ್ ಅದರ ಎರಡರಷ್ಟು.) ಮೋಸ ಅಲ್ಲ. ಪಾರ್ 4 ಹೋಲಲ್ಲಿ 8ಕ್ಕೆ ನಿಲ್ಲಿಸ್ತೀನಿ ಅಂತ ಆಟಕ್ಕೆ ಮುಂಚೆನೇ ತೀರ್ಮಾನ ಮಾಡ್ಕೊಂಡು, ಒಂದೊಂದಾಗಿ ಎಣಿಸ್ಕೊಂಡು ಹೋಗಿ, 8 ಆದ ತಕ್ಷಣ ಬಾಲ್ ಎತ್ಕೊಂಡು 8 ಬರೆದ್ರೆ ಅದು ಸರಿಯಾದ ಲೆಕ್ಕ. ಹನ್ನೊಂದೋ ಹದಿಮೂರೋ ಗೊತ್ತಾಗ್ದೆ "ಎಂಟು ಇರ್ಲಿ ಬಿಡು" ಅಂತ ಬರೆದ್ರೆ ಮಾತ್ರ ತೊಂದ್ರೆ, ಯಾಕಂದ್ರೆ ಆ ಹೋಲಲ್ಲಿ ಏನಾಯ್ತು ಅನ್ನೋದೇ ನಿಮಗೆ ಗೊತ್ತಿರಲ್ಲ.

ಇದು ನನಗೆ ಅರ್ಥ ಆಗಿದ್ದು ಒಂದು ಪಾರ್ 4 ಹೋಲಲ್ಲಿ. ಮುಗಿಸಿ ಬಂದು 9 ಅಂತ ಬರೆದೆ. ನಮ್ಮ ಗುಂಪಲ್ಲಿದ್ದ ಹಿರಿಯರೊಬ್ರು, "ಬನ್ನಿ, ಒಂದ್ಸಲ ಟೀಯಿಂದ ಹೇಳ್ಕೊಂಡು ಬರೋಣ" ಅಂದ್ರು. ಟೀ ಶಾಟ್, ಅಂದ್ರೆ ಹೋಲ್ ಶುರುವಾಗೋ ಜಾಗದಿಂದ ಹೊಡೆದಿದ್ದು, ಬಲಕ್ಕೆ ಹೋಗಿ ಔಟ್ ಆಫ್ ಬೌಂಡ್ಸ್, ಅಂದ್ರೆ ಕೋರ್ಸಿನ ಗಡಿ ಆಚೆ, ಅದು 1. ಅದರ ಪೆನಾಲ್ಟಿ ಸೇರಿ 2. ಮತ್ತೆ ಟೀಯಿಂದ್ಲೇ ಹೊಡೆದಿದ್ದು 3ನೇದು, ಅದು ಬಾಲಿನ ತಲೆಗೆ ತಾಗಿ ನೆಲದಲ್ಲೇ ಉರುಳ್ಕೊಂಡು ಹೋಯ್ತು. 4 ಚೆನ್ನಾಗಿ ಬಿತ್ತು, 5 ಬಂಕರ್ ಅನ್ನೋ ಮರಳಿನ ಗುಂಡಿ ಒಳಗೆ. ಮರಳಲ್ಲಿ 6, 7, ಎರಡೂ ಆಚೆ ಬರಲಿಲ್ಲ, 8ನೇದು ಬಂತು ಆದ್ರೆ ಗ್ರೀನ್ (ಗುಳಿ ಸುತ್ತ ಇರೋ ನುಣುಪಾದ ಹುಲ್ಲು) ದಾಟಿ ಹಿಂದಕ್ಕೆ ಹೋಯ್ತು. 9 ಚಿಪ್, ಅಂದ್ರೆ ಹತ್ತಿರದಿಂದ ಸಣ್ಣ ಹೊಡೆತ, ಆಮೇಲೆ ಬಾಲನ್ನ ಗುಳಿ ಕಡೆ ಉರುಳಿಸೋ ಪಟ್ ಮೂರು. ಒಟ್ಟು 12. ನಾನು ಬಿಟ್ಟಿದ್ದು ಮೂರು: ಪೆನಾಲ್ಟಿ, ಬಂಕರಲ್ಲಿ ಒಂದು ಶಾಟ್, ಕೊನೇಲಿ ಹೋಲ್ ಪಕ್ಕದಿಂದ ಮೆಲ್ಲಗೆ ತಳ್ಳಿದ್ನಲ್ಲ ಆ ಪಟ್. ಸುಳ್ಳು ಹೇಳ್ಬೇಕು ಅಂತ ಖಂಡಿತ ಇರಲಿಲ್ಲ, ತಲೆ ಬಿಸಿಯಾಗಿದ್ದಾಗ ಮನಸ್ಸು ಬೇಡದ್ದನ್ನ ತಾನಾಗೇ ಬಿಟ್ಟುಬಿಡುತ್ತೆ ಅಷ್ಟೇ. ಹೊಸದಾಗಿ ಆಡೋ ತುಂಬಾ ಜನ ಇದೇ ಮೂರು ಜಾಗದಲ್ಲಿ ಲೆಕ್ಕ ತಪ್ಪೋದನ್ನ ಆಮೇಲೆ ನೋಡಿದೀನಿ.

ಪ್ರೊಗಳಿಗೂ ಹೀಗಾಗುತ್ತೆ. 2011ರಲ್ಲಿ ಟೆಕ್ಸಸ್ ಓಪನ್‌ನಲ್ಲಿ ಕೆವಿನ್ ನಾ ಅವರು 9ನೇ ಹೋಲಲ್ಲಿ, ಅದೂ ಪಾರ್ 4, ಮರಗಳ ಮಧ್ಯೆ ಸಿಕ್ಕಾಕೊಂಡು ಎಷ್ಟು ಹೊಡೆದೆ ಅಂತ ಅವರಿಗೇ ಖಾತ್ರಿ ಇರಲಿಲ್ಲ, ಕೊನೆಗೆ ವಿಡಿಯೋ ನೋಡಿ 16 ಅಂತ ಗಟ್ಟಿ ಮಾಡ್ಕೊಂಡ್ರು. ಟೈಗರ್ ವುಡ್ಸ್ 2020ರ ಮಾಸ್ಟರ್ಸ್ ಕೊನೇ ದಿನ 12ನೇ ಹೋಲಲ್ಲಿ, ಪಾರ್ 3ಕ್ಕೆ, ಮೂರು ಬಾಲ್ ನೀರಿಗೆ ಹಾಕಿ 10 ಬರೆದ್ರು, ಅದಾದ್ಮೇಲಿನ ಆರು ಹೋಲಲ್ಲಿ ಐದು ಬರ್ಡಿ, ಅಂದ್ರೆ ಪಾರ್‌ಗಿಂತ ಒಂದು ಕಡಿಮೆ, ಮಾಡಿದ್ರು. 10 ಬರೀಬೇಕಾದ್ರೆ ನಾಚಿಕೆ ಪಡಬೇಕಾದ್ದೇನಿಲ್ಲ.

ಎಣಿಸೋ ವಿಷಯಕ್ಕೆ ಬಂದ್ರೆ, ನನಗೆ ಕೆಲಸ ಮಾಡಿದ್ದು ಒಂದೇ: ಪ್ರತಿ ಶಾಟ್‌ಗೆ ಮುಂಚೆ "ಇದು ಐದನೇದು" ಅಂತ ಬಾಯಿಬಿಟ್ಟು ಹೇಳ್ಕೊಳ್ಳೋದು. ಹೊಡೆದ್ಮೇಲೆ ಎಣಿಸ್ತೀನಿ ಅಂದ್ರೆ ಆಗಲ್ಲ, ಕಣ್ಣೆಲ್ಲ ಬಾಲ್ ಹಿಂದೆ ಹೋಗಿರುತ್ತೆ. ಬಾಯಲ್ಲಿ ಹೇಳೋಕೆ ಮುಜುಗರ ಆದ್ರೆ ಒಂದು ಜೇಬಲ್ಲಿ ಹತ್ತು ಸಣ್ಣ ನಾಣ್ಯ ಇಟ್ಕೊಂಡು ಒಂದೊಂದಾಗಿ ಇನ್ನೊಂದು ಜೇಬಿಗೆ ಹಾಕಿ. ಬಾಲ್ ಹೊಡೀಬೇಕು ಅಂತಲೇ ಬೀಸಿ ತಾಗದೇ ಹೋದ್ರೂ ಅದು ಒಂದು ಸ್ಟ್ರೋಕ್, ಬಿಡಬೇಡಿ. ಪ್ರಾಕ್ಟೀಸ್ ಸ್ವಿಂಗ್ ಲೆಕ್ಕಕ್ಕಿಲ್ಲ, ಶುರುವಲ್ಲಿ ಟೀ ಮೇಲಿಂದ ಬಾಲ್ ಕೈ ತಪ್ಪಿ ಬಿದ್ರೂ ಲೆಕ್ಕಕ್ಕಿಲ್ಲ. ಒಂದೇ ಸ್ವಿಂಗಲ್ಲಿ ಅಕಸ್ಮಾತ್ ಎರಡು ಸಲ ತಾಗಿದ್ರೆ 2019ರಿಂದ ಪೆನಾಲ್ಟಿ ಇಲ್ಲ, ಒಂದೇ ಸ್ಟ್ರೋಕ್.

ಇನ್ನು ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದು. ಡಬಲ್ ಪಾರ್ ಅನ್ನೋದು ಸ್ನೇಹಿತರ ಮಧ್ಯೆ ಇರೋ ರೂಢಿ, ಸುಲಭ, ಆದ್ರೆ ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ನೋಡಿ ನಿಮಗೆ ಬಿಟ್ಟುಕೊಡೋ ಹೊಡೆತಗಳ ನಂಬರ್) ಲೆಕ್ಕಕ್ಕೆ ನಿಯಮನೇ ಬೇರೆ. 2020ರಲ್ಲಿ ಬಂದ ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಪ್ರಕಾರ, ನಿಮಗಿನ್ನೂ ಹ್ಯಾಂಡಿಕ್ಯಾಪ್ ಇಲ್ಲ ಅಂದ್ರೆ ಒಂದು ಹೋಲಿಗೆ ಪಾರ್ ಮೇಲೆ 5, ಅಂದ್ರೆ ಪಾರ್ 4ಕ್ಕೆ 9, ಅದೇ ಮಿತಿ. ಹ್ಯಾಂಡಿಕ್ಯಾಪ್ ಬಂದ್ಮೇಲೆ ನೆಟ್ ಡಬಲ್ ಬೋಗಿ, ಅಂದ್ರೆ ಪಾರ್, ಅದಕ್ಕೆ 2, ಅದಕ್ಕೆ ಆ ಹೋಲಲ್ಲಿ ನಿಮಗೆ ಸಿಗೋ ಸ್ಟ್ರೋಕ್. ಉದಾಹರಣೆಗೆ ಆ ಕೋರ್ಸಲ್ಲಿ ನಿಮಗೆ 30 ಸ್ಟ್ರೋಕ್ ಸಿಗುತ್ತೆ ಅಂದ್ಕೊಳ್ಳಿ, 18 ಹೋಲಿಗೂ ಒಂದೊಂದು, ಉಳಿದ 12, ಸ್ಟ್ರೋಕ್ ಇಂಡೆಕ್ಸ್ (ಹೋಲ್‌ಗಳ ಕಷ್ಟದ ಕ್ರಮ, 1 ಅಂದ್ರೆ ಅತಿ ಕಷ್ಟದ್ದು) 1ರಿಂದ 12ರವರೆಗಿನ ಹೋಲ್‌ಗಳಿಗೆ ಇನ್ನೊಂದೊಂದು. ಹಾಗಾಗಿ ಇಂಡೆಕ್ಸ್ 5 ಇರೋ ಪಾರ್ 4ರಲ್ಲಿ ಮಿತಿ 8, ಇಂಡೆಕ್ಸ್ 15 ಇರೋದ್ರಲ್ಲಿ 7. ನನ್ನ ಆ 12 ಕೂಡ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿ 9ಕ್ಕೇ ಇಳೀತಿತ್ತು, ನಂಬರ್ ಅದೇ, ಆದ್ರೆ ಎಣಿಸಿ 9ಕ್ಕೆ ಇಳಿಸೋದೇ ಬೇರೆ, ಮರೆತು 9 ಬರೆಯೋದೇ ಬೇರೆ. ಮೊದಲ ಹ್ಯಾಂಡಿಕ್ಯಾಪ್‌ಗೆ ಒಟ್ಟು 54 ಹೋಲಿನ ಸ್ಕೋರ್ ಬೇಕು, 9 ಹೋಲಿನ ರೌಂಡ್‌ಗಳೂ ಸೇರುತ್ವೆ, ಅದಕ್ಕೇ ಈಗಿಂದ್ಲೇ ಸರಿಯಾಗಿ ಬರೆಯೋ ಅಭ್ಯಾಸ ಇಟ್ಕೊಳ್ಳಿ ಅಂತ ಹೇಳ್ತಿರೋದು.

ಒಂದು ಎಚ್ಚರಿಕೆ. ಸಾಮಾನ್ಯ ಸ್ಟ್ರೋಕ್ ಪ್ಲೇ ಸ್ಪರ್ಧೆಯಲ್ಲಿ, ಅಂದ್ರೆ ಒಟ್ಟು ಹೊಡೆತ ಎಣಿಸೋ ಸ್ಪರ್ಧೆಯಲ್ಲಿ, ಬಾಲ್ ಎತ್ಕೊಳ್ಳೋ ಹಾಗಿಲ್ಲ, ಹೋಲಿಗೆ ಹಾಕಿ ಮುಗಿಸದಿದ್ರೆ ಡಿಸ್ಕ್ವಾಲಿಫೈ. ಮ್ಯಾಕ್ಸಿಮಮ್ ಸ್ಕೋರ್ ಅನ್ನೋ ರೀತಿಯ ಸ್ಪರ್ಧೆ ಇದ್ರೆ ಮಾತ್ರ ಮಿತಿ ಇರುತ್ತೆ, ಮಿತಿ ಎಷ್ಟು ಅಂತ ಕಮಿಟಿ ಹೇಳುತ್ತೆ. ಶುರುವಿಗೆ ಹೋಗೋದಾದ್ರೆ ಸ್ಟೇಬಲ್‌ಫೋರ್ಡ್ ಸ್ಪರ್ಧೆಗೆ ಹೋಗಿ ಅಂತ ಒತ್ತಿ ಹೇಳ್ತೀನಿ. ನಿಮ್ಮ ಹ್ಯಾಂಡಿಕ್ಯಾಪ್ ಸ್ಟ್ರೋಕ್ ಕಳೆದ್ಮೇಲೆ ಪಾರ್ ಬಂದ್ರೆ 2 ಪಾಯಿಂಟ್, ಬೋಗಿಗೆ (ಪಾರ್‌ಗಿಂತ ಒಂದು ಹೆಚ್ಚು) 1, ಬರ್ಡಿಗೆ 3, ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದಕ್ಕೆ ಸೊನ್ನೆ. ಸೊನ್ನೆಗಿಂತ ಕೆಳಗೆ ಹೋಗೋಕೆ ಜಾಗನೇ ಇಲ್ಲ, ಪಾಯಿಂಟ್ ಬರಲ್ಲ ಅಂತ ಗೊತ್ತಾದ ಕೂಡಲೇ ಎತ್ಕೊಂಡು ಮುಂದಿನ ಟೀಗೆ ಹೋಗ್ತಾ ಇರ್ಬಹುದು. 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಲ್ಲಿ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಇದನ್ನ ಆಡಿಸಿದ್ದು. ಒಂದೆರಡು ಹೋಲ್ ಕೆಟ್ಟಿತು ಅಂತ ಇಡೀ ರೌಂಡಿನ ಆಸೆ ಬಿಡಬೇಕಾಗಿಲ್ಲ, ಅದು ನನಗೆ ತುಂಬಾ ಹಿಡಿಸೋ ವಿಷಯ.

ಇನ್ನೊಂದು, ಸ್ನೇಹಿತರ ಜೊತೆ ಆಡೋವಾಗ ಹಿಂದೆ ಜನ ಕಾಯ್ತಿದ್ರೆ ಮಿತಿ ಮುಟ್ಟೋವರೆಗೂ ಹಟ ಹಿಡೀಬೇಡಿ, 6 ಆಗಿದ್ದಾಗ್ಲೇ ಎತ್ಕೊಂಡ್ರೂ ಪರವಾಗಿಲ್ಲ, ಮಿತಿಯ ನಂಬರ್ ಬರ್ಕೊಳ್ಳಿ. ಬಾಲ್ ಹುಡುಕೋಕೆ ಇರೋದು ಮೂರೇ ನಿಮಿಷ. ಕಾರ್ಡನ್ನ ಗ್ರೀನ್ ಮೇಲೆ ನಿಂತು ಬರೀಬೇಡಿ, ಮುಂದಿನ ಟೀ ಹತ್ರ ಬರೀರಿ.

ನಾನು ಎತ್ಕೊಂಡ ಹೋಲಿನ ನಂಬರ್ ಪಕ್ಕ ಒಂದು ಚುಕ್ಕಿ ಇಡ್ತೀನಿ, ಕೆಳಗೆ ಒಂದೇ ಪದ: "ಬಂಕರ್", "ಟೀ", "ಪಟ್". ಆರೇಳು ಕಾರ್ಡ್ ಸೇರಿದ್ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ, ಅರ್ಧಕ್ಕಿಂತ ಹೆಚ್ಚು ಚುಕ್ಕಿ ಕೆಳಗೆ "ಬಂಕರ್" ಅಂತಲೇ ಇತ್ತು. ಅಲ್ಲೀವರೆಗೆ ನಾನು ಪ್ರಾಕ್ಟೀಸ್‌ಗೆ ಹೋದಾಗೆಲ್ಲ ದೂರ ಹೊಡೆಯೋ ಡ್ರೈವರ್ ಕೋಲಲ್ಲಿ ಮಾತ್ರ ಹೊಡೀತಿದ್ದೆ. ಆಮೇಲಿಂದ ಅರ್ಧ ಗಂಟೆ ಮರಳಲ್ಲಿ ನಿಲ್ತೀನಿ.