ಕಾರು ಚಾರ್ಜ್ ಮಾಡಲು ಯಾವ ಮೀಟರು?

ಸಾಗರ, ತೀರ್ಥಹಳ್ಳಿ, ಶಿವಮೊಗ್ಗಗಳಲ್ಲಿ ವಿದ್ಯುತ್ ಕಾರು ಚಾರ್ಜ್ ಮಾಡುವ ನಿಯಮ ಬೇರೆ ಬೇರೆಯೇ, ತೋಟದ ಪಂಪ್‌ಸೆಟ್ ಲೈನಿನಲ್ಲೇ ಚಾರ್ಜ್ ಮಾಡಿಕೊಂಡರೆ ಆಗದೇ ಎಂದು ಕೇಳಿದ್ದೀರಿ. ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ: ಬೇಡ ಮಾರಾಯರೇ. 10 ಎಚ್‌ಪಿವರೆಗಿನ ಪಂಪಿಗೆ ಉಚಿತ ವಿದ್ಯುತ್ ಸಿಗುವುದು ತೋಟಕ್ಕೆ ನೀರು ಹಾಯಿಸಲು. ಅದರಲ್ಲಿ ಕಾರು ಚಾರ್ಜ್ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ. ದರದ ಎರಡು ಪಟ್ಟು ಕಟ್ಟಬೇಕು.

ಇನ್ನು ಊರುಗಳ ವಿಚಾರ. ನಮ್ಮ ಇಡೀ ಶಿವಮೊಗ್ಗ ಜಿಲ್ಲೆಗೆ ವಿದ್ಯುತ್ ಕೊಡುವ ಕಂಪನಿ ಮೆಸ್ಕಾಂ. ಸಿದ್ದಾಪುರಕ್ಕೆ ದಾಟಿದರೆ ಹೆಸ್ಕಾಂ, ಹೊನ್ನಾಳಿಗೆ ಹೋದರೆ ಬೆಸ್ಕಾಂ. ಕಂಪನಿ ಯಾವುದಾದರೂ ವಿದ್ಯುತ್ ದರ ನಿಗದಿ ಮಾಡುವುದು ಕೆಇಆರ್‌ಸಿ, ಅಂದರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ. ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಅದರಲ್ಲಿ ಕೈಯಿಲ್ಲ. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಲೈಸೆನ್ಸ್ ಬೇಡವೆಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಹೇಳಿದೆ. ಹಾಗಾಗಿ ಹೋಟೆಲಿನವರೂ ಚಾರ್ಜರ್ ಹಾಕಬಹುದು. ಅವರವರ ಸೇವಾ ಶುಲ್ಕ, ಮೇಲೆ ಶೇ 18 ಜಿಎಸ್‌ಟಿ ಸೇರಿ ಒಂದೊಂದು ಕಡೆ ಒಂದೊಂದು ಬಿಲ್ ಬರುತ್ತದೆ.

ಲೆಕ್ಕ ಹಾಕಬೇಕಾದದ್ದು ಮನೆಯ ಮೀಟರಿನದು. ಮನೆಯಲ್ಲಿ ಚಾರ್ಜ್ ಮಾಡಲು ಯಾರ ಅನುಮತಿಯೂ ಬೇಡ, ಆದರೆ ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ ಮನೆಗೆ ಉಚಿತ ವಿದ್ಯುತ್ ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆ ಇದೆಯಲ್ಲ! 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ 100 ಯೂನಿಟ್ ಇದ್ದರೆ ಶೇ 10 ಸೇರಿ 110 ಉಚಿತ. ಕಾರಿಗೆ 80 ಯೂನಿಟ್ ಹೋಯಿತೆನ್ನಿ, ಒಟ್ಟು 180. ಹೆಚ್ಚಿನ 70ಕ್ಕೆ ಮಾತ್ರ ಹಣ. ಅದೇ ತಿಂಗಳು ನೆಂಟರು ಬಂದು ನಾಲ್ಕು ದಿನ ಗೀಸರ್ ಉರಿಸಿ 200 ದಾಟಿತೋ, ಪೂರ್ತಿ ಬಿಲ್ ನಿಮ್ಮದೇ. ನಾನು ಈಗ 20ನೇ ತಾರೀಖಿನ ಮೇಲೆ ದಿನಾ ಮೀಟರ್ ನೋಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ಕಾರಿನ ಜೊತೆ ಬರುವ ಸಣ್ಣ ಚಾರ್ಜರ್ ಕೂಡ ಸುಮಾರು 3 ಕಿಲೋವಾಟ್ ಎಳೆಯುತ್ತದೆ. ಹಳೆಯ ಮನೆಗಳ ಮಂಜೂರಾದ ಲೋಡ್ (ಒಮ್ಮೆಗೆ ಎಳೆಯಲು ಒಪ್ಪಿಗೆಯಿರುವ ಕಿಲೋವಾಟ್) ಎಷ್ಟಿದೆಯೆಂದು ಬಿಲ್ಲಿನಲ್ಲಿ ನೋಡಿ, ಸಾಲದಿದ್ದರೆ ಮೆಸ್ಕಾಂ ಉಪವಿಭಾಗದಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಕಿಲೋವಾಟ್ ಲೆಕ್ಕದ ನಿಗದಿತ ಶುಲ್ಕವೂ ಏರುತ್ತದೆ. ಚಾರ್ಜರಿಗೆ ಬೋರ್ಡಿನಿಂದಲೇ ಪ್ರತ್ಯೇಕ ವೈರ್, 16 ಆಂಪಿಯರ್ ಪ್ಲಗ್ ಹಾಕಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಕೊನೆಯದು ಅರ್ಥಿಂಗ್. ಕಳೆದ ಮಾರ್ಚಿನಲ್ಲಿ ನಮ್ಮ ಚಾರ್ಜರ್ ಕೆಂಪು ದೀಪ ಹಾಕಿ ಕೂತುಬಿಟ್ಟಿತು. ಚಾರ್ಜರೇ ಕೆಟ್ಟಿತೆಂದು ಎರಡು ದಿನ ತಲೆ ಕೆಡಿಸಿಕೊಂಡೆ. ಎಲೆಕ್ಟ್ರಿಷಿಯನ್ ಬಂದವನು ನೇರ ಹಿತ್ತಿಲಿಗೆ ಹೋಗಿ ಅರ್ಥಿಂಗ್ ಗುಂಡಿಯ ಮುಚ್ಚಳ ಎತ್ತಿದ. ಜಂಬಿಟ್ಟಿಗೆ ನೆಲ, ಒಳಗೆಲ್ಲ ಒಣಗಿ ಬಿರುಕು. ನಾಲ್ಕು ಕೊಡ ನೀರು ಹೊಯ್ದು ಅರ್ಧ ಗಂಟೆ ಬಿಟ್ಟು ಪ್ಲಗ್ ಹಾಕಿದರೆ ಹಸಿರು ದೀಪ! ನಿಮ್ಮ ಕಡೆಯೂ ಅದೇ ನೆಲವಾದರೆ ಕಾರು ಬುಕ್ ಮಾಡುವ ಮೊದಲೇ ಅರ್ಥಿಂಗ್ ಅಳೆಸಿ, ಗುಂಡಿಗೆ ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಿ.